ಕೆಂಚಿ ಎಂಬ ಹೆಂಗಸಿನ ಮೇಲಿನ ದೂರುಗಳು

ಕಾರ್ತಿಕದ ಒಂದು ಮಂಗಳವಾರ ಸಂಜೆ ಆರು ಗಂಟೆ ಹದಿಮೂರು ನಿಮಿಷಕ್ಕೆ ಗ್ಯಾಸ್ ವಿದ್ಯುತ್ ಸ್ಥಾವರದ ಎರಡನೇ ಟರ್ಬೈನನ್ನು ಶುರು ಮಾಡಲಾಯಿತು. ಅದರ ಮೊದಲ ಇಪ್ಪತ್ತೆರಡು ನಿಮಿಷಗಳ ಹೊಗೆಯನ್ನು ಬಸರಿಗಿಡದ ಪ್ಲಾಟು ಎಂಬ ಬಡವರ ವಸತಿಯ ಮೇಲೆ ಇಳಿಸಲಾಯಿತು. ಆರು ಇಪ್ಪತ್ತೊಂದಕ್ಕೆ ಆ ಪ್ಲಾಟಿನ ದುರಗವ್ವ ಮಾದರ ಎಂಬ ನಲವತ್ತೊಂದು ವರ್ಷದ ಹೆಣ್ಣುಮಗಳು ದೂರಿನ ನಂಬರಿಗೆ ಫೋನು ಮಾಡಿದಳು. ಆರು ನಲವತ್ತಕ್ಕೆ ಸತ್ತಳು. ಸ್ಥಾವರದ ದಾಖಲೆಯಲ್ಲಿ, ಆ ದಿನ ಹೊಗೆಯ ಬಗ್ಗೆ ಬಂದ ದೂರುಗಳು: ಸೊನ್ನೆ.

ಟರ್ಬೈನಿನ ಗುಂಡಿ ಒತ್ತಿದ ಕೈ ದುರಗವ್ವನ ಒಡಹುಟ್ಟಿದ ತಂಗಿಯದು. ಹೆಸರು ಫಕೀರವ್ವ. ಡಿಪ್ಲೊಮಾ ಓದಿ, ಪರೀಕ್ಷೆ ಬರೆದು, ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಆಗಿ ಸೇರಿ ಆರು ವರ್ಷ. ಅವಳು ಓದಲೆಂದು ಅಕ್ಕ ಹದಿನಾಲ್ಕು ವರ್ಷ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿಯ ಧೂಳು ಕುಡಿದಿದ್ದಳು. ಆ ಎದೆಗೂಡಿನಲ್ಲಿ ಉಳಿದಿದ್ದ ಅಷ್ಟಿಷ್ಟು ಜಾಗವನ್ನೂ ತಂಗಿಯ ಕೈಯಿಂದಲೇ ತುಂಬಿಸಿದರು.

ಸ್ಥಾವರದ ಬದುಕೇ ಒಂದು ತೆರ. ಇಡೀ ದಿನ ಬಿದ್ದುಕೊಂಡಿರುವುದು, ಸಂಜೆ ಎರಡು ಮೂರು ತಾಸು ಎದ್ದು ಕುಣಿಯುವುದು. ಕಪ್ಪತಗುಡ್ಡದ ಸಾಲಿನ ಮೇಲೆ ನಾನೂರು ಗಾಳಿ ಫ್ಯಾನುಗಳು, ಕೆಳಗೆ ಎರೆಹೊಲಗಳ ತುಂಬ ಸೋಲಾರ್ ಹಲಗೆಗಳು. ಜಿಲ್ಲೆಗೆ ಜಿಲ್ಲೆಯೇ ಅವುಗಳಿಂದ ಬೆಳಗುತ್ತಿತ್ತು. ಆದರೆ ಹೊತ್ತು ಮುಳುಗಿದರೆ ಬಿಸಿಲು ಹೋಗುತ್ತದೆ, ಕೆಲವು ಸಂಜೆ ಅದೇ ಗಳಿಗೆಗೆ ಗಾಳಿಯೂ ಬೀಳುತ್ತದೆ. ಮನೆಮನೆಯ ಕರೆಂಟಿನ ಒಲೆ, ಮಿಕ್ಸರ್, ಟಿವಿಗಳು ಒಟ್ಟಿಗೆ ಬಾಯಿ ತೆರೆಯುವುದೂ ಆಗಲೇ. ಆ ಹಸಿವಿಗೆ ಈ ಸಣ್ಣ ಸ್ಥಾವರ. ವಿಮಾನದ ಎಂಜಿನ್ನಿಗೆ ತಮ್ಮನಾಗಬೇಕಾದ ಎರಡು ಟರ್ಬೈನು. ಪೈಪಿನಲ್ಲಿ ಬರುವ ಗ್ಯಾಸು ಕುಡಿದು, ಗುಂಡಿ ಒತ್ತಿದ ಹತ್ತು ನಿಮಿಷಕ್ಕೆ ಪೂರ್ತಿ ವೇಗ ಹಿಡಿಯುತ್ತಿದ್ದವು.

ಗಾಳಿ ನಿಂತಾಗಲೇ ಇದು ಏಳಬೇಕು. ಗಾಳಿ ನಿಂತಾಗ ಹೊಗೆ ಎಲ್ಲಿಗೂ ಹೋಗುವುದಿಲ್ಲ. ಕಟ್ಟಿದವರಿಗೆ ಈ ಎರಡು ಮಾತು ಗೊತ್ತಿರಲಿಲ್ಲ ಎಂದು ಯಾರೂ ಆಣೆ ಮಾಡಿ ಹೇಳಲಾರರು.

ಚಿಮಣಿಯ ಹೊಟ್ಟೆಯೊಳಗೆ ಜೇನುಹುಟ್ಟಿನಂಥ ಜಾಲರಿಯೊಂದಿತ್ತು. ಅಮೋನಿಯಾ ಸಿಂಪಡಿಸಿದ ಹೊಗೆ ಅದರ ಕಣ್ಣುಗಳಲ್ಲಿ ಹಾಯ್ದು ಬಂದರೆ ವಿಷ ಬಹುಪಾಲು ಕಳೆದು ಬರೀ ಸಾರಜನಕವೂ ನೀರಾವಿಯೂ ಆಗುತ್ತಿತ್ತು. ಆದರೆ ಜಾಲರಿ ಮುನ್ನೂರು ಡಿಗ್ರಿ ಕಾಯಬೇಕು. ತಣ್ಣನೆಯ ಹಂಚಿನ ಮೇಲೆ ರೊಟ್ಟಿ ಬೇಯುವುದುಂಟೆ? ಅದು ಕಾಯುವ ಇಪ್ಪತ್ತೆರಡು ನಿಮಿಷ ಚಿಮಣಿ ಬಿಡುತ್ತಿದ್ದುದು ಹಸಿ ಹೊಗೆ. ಹಳದಿ ಕಲಸಿದ ಕೆಂಪು, ಗಂಟಲಿಗೆ ಇಳಿದರೆ ಸೂಜಿ. ಕಾನೂನು ಆ ನಿಮಿಷಗಳಿಗೆ ‘ಚಾಲನಾ ಅವಧಿ’ ಎಂದು ಹೆಸರು ಕೊಟ್ಟು ಎಣಿಕೆಯಿಂದ ಹೊರಗಿಟ್ಟಿತ್ತು. ಉಳಿದದ್ದನ್ನು ಇಪ್ಪತ್ನಾಲ್ಕು ತಾಸಿಗೆ ಹಂಚಿ ಸರಾಸರಿ ತೆಗೆದರೆ ಸ್ಥಾವರದ ಹೊಗೆ ಊದುಬತ್ತಿಗಿಂತ ಪವಿತ್ರ.

ಆ ಹಸಿ ಹೊಗೆಗಾಗಿಯೇ ಎರಡು ವರ್ಷದ ಕೆಳಗೆ ಹೊಸ ಯಂತ್ರ ಬಂತು. ಚಿಮಣಿಯ ಬಾಯಿಗೆ ಬಳೆ ತೊಡಿಸಿದ ಹಾಗೆ ಸುತ್ತಲೂ ಹನ್ನೆರಡು ಊದುಬಾಯಿ. ಬೀಡಿ ಸೇದುವವನು ತುಟಿ ದುಂಡಗೆ ಮಾಡಿ ಹೊಗೆಯ ಉಂಗುರ ಬಿಡುತ್ತಾನಲ್ಲ, ಗಾಳಿಯಾಡದ ಕೋಣೆಯಲ್ಲಿ ಅದು ಒಡೆಯದೆ ಎದುರು ಗೋಡೆಯವರೆಗೂ ಹೋಗುತ್ತದಲ್ಲ, ಅದೇ ವಿದ್ಯೆ. ಇಲ್ಲಿ ಉಂಗುರಗಳು ಮನೆಯಷ್ಟು ದೊಡ್ಡವು. ನಿಂತ ಗಾಳಿಯಲ್ಲಿ ಮೂರು ಕಿಲೋಮೀಟರ್ ಚದುರದೆ ತೇಲಿ, ತಣ್ಣಗಾಗಿ, ಹೇಳಿದ ಜಾಗದಲ್ಲಿ ಕೂತುಕೊಳ್ಳುತ್ತಿದ್ದವು. ಕಂಪನಿ ಇದಕ್ಕೆ ‘ಧೂಮಸಾರಥಿ’ ಎಂದು ನಾಮಕರಣ ಮಾಡಿತು. ಎಲ್ಲಿ ಇಳಿಸಬೇಕೆಂದು ಮನುಷ್ಯರು ತೀರ್ಮಾನಿಸಿದರೆ ಪಕ್ಷಪಾತವಾದೀತೆಂದು ಆ ಕೆಲಸವನ್ನೂ ಸಾರಥಿಗೇ ಒಪ್ಪಿಸಿತು. ಸಂಜೆ ಕಂಟ್ರೋಲ್ ರೂಮಿನ ತೆರೆಯ ಮೇಲೆ ಒಂದೇ ಸಾಲು ಮೂಡುತ್ತಿತ್ತು: ‘ಗುರಿ: ಮೌನ ವಲಯ.’ ಖಾಲಿ ಬಿದ್ದ ಜಮೀನು ಎಂದು ತರಬೇತಿಯಲ್ಲಿ ಹೇಳಿದ್ದರು. ಫಕೀರವ್ವ ನಂಬಿದ್ದಳು.

ಹಾಗಾದರೆ ಪ್ಲಾಟಿನ ಮೇಲೆ ಬೀಳುತ್ತಿದ್ದುದೇನು? ಅದನ್ನೂ ಕೇಳಿದ್ದಳು. “ಉಂಗುರದಿಂದ ಅಷ್ಟಿಷ್ಟು ಸೋರತೈತಿ. ನಿಮ್ಮ ಮಂದಿಗೆ ದೂರು ಕೊಡಾಕ ಹೇಳ್ರಿ. ದೂರು ಇದ್ದ ಕಡೆ ಸಾರಥಿ ಹೋಗಂಗೇ ಇಲ್ಲ,” ಎಂದಿದ್ದರು ಸ್ಥಾವರದ ಮುಖ್ಯಸ್ಥ ನಾಡಗೌಡರು. ಅವಳೇ ಪ್ಲಾಟಿನ ನೂರ ನಲವತ್ತು ಮನೆಗೆ ತಿರುಗಿ ದೂರಿನ ನಂಬರು ಹಂಚಿದ್ದಳು. “ಸುಮ್ಮನ ಕುಂದರಬ್ಯಾಡ್ರಿ. ಬಂದ ಕೂಡಲೇ ಫೋನ್ ಹಚ್ಚ್ರಿ. ಮಷಿನ್ ಕೇಳತೈತಿ.”

ಮಂದಿ ಸುಮ್ಮನೆ ಕೂರಲಿಲ್ಲ. ಬಂದ ಕೂಡಲೇ ಫೋನು ಹಚ್ಚಿದರು.

*

ಮಣ್ಣು ಕೊಟ್ಟು ಬಂದ ಆರನೆಯ ದಿನ ಬೆಳಿಗ್ಗೆ ಒಬ್ಬ ಪೊಲೀಸ್ ಪೇದೆ ಮೋಟಾರುಸೈಕಲ್ ಹತ್ತಿಕೊಂಡು ಪ್ಲಾಟಿಗೆ ಬಂದ. ಕಂಕುಳಲ್ಲಿ ದಪ್ಪನೆಯ ಕಾಗದದ ಕಟ್ಟು. ಫಕೀರವ್ವನ ಮನೆಯ ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಕೂತಿದ್ದರು. ನಡುವೆ ಅವಳ ತಾಯಿ ಹುಲಿಗೆವ್ವ ಗೋಡೆಗೆ ಆತು, ಒಂದೊಂದೇ ಉಸಿರನ್ನು ಬಾವಿಯಿಂದ ಸೇದಿದ ಹಾಗೆ ಎಳೆದುಕೊಳ್ಳುತ್ತಿದ್ದಳು.

“ಇಲ್ಲಿ ಕೆಂಚಿ ಅನ್ನಾಕಿ ಯಾರು?” ಪೇದೆ ಕೇಳಿದ.

ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

“ಮುಚ್ಚಿಡಬ್ಯಾಡ್ರಿ. ಮೂರು ತಿಂಗಳದಾಗ ಆಕಿ ಮ್ಯಾಲೆ ಆರನೂರಾ ಹನ್ನೊಂದು ಕಂಪ್ಲೇಂಟ್ ಬಂದಾವು. ನನ್ನ ಸರ್ವಿಸಿನಾಗ ಇಂಥಾ ಗಟ್ಟಿ ಹೆಂಗಸನ್ನ ನೋಡಿಲ್ಲ. ಊರಿಂದ ಗಡಿಪಾರು ಮಾಡಬೇಕಂತ ಸಾಹೇಬ್ರು ಹೇಳ್ಯಾರ. ಎಲ್ಲಿರತಾಳ?”

ಹಿಂದಿನಿಂದ ಯಾರೋ ಕಿಸಕ್ಕೆಂದರು.

ಪೇದೆಗೆ ಸಿಟ್ಟು ಬಂತು. ಕಟ್ಟು ಬಿಚ್ಚಿ ಓದಿದ. “‘ಕೆಂಚಿ ಹೇಳದ ಕೇಳದ ಮನಿಯೊಳಗ ಬಂದ್ಳು.’ ಅತಿಕ್ರಮ ಪ್ರವೇಶ. ‘ಕೆಂಚಿ ಕೂಸಿನ ಉಸಿರು ಕಟ್ಟಿಸಿದ್ಳು.’ ಹಲ್ಲೆ. ‘ಮಾಳಿಗಿ ಮ್ಯಾಲೆ ಒಣಗಾಕ ಹಾಕಿದ್ದ ಶಾವಿಗಿ ಎಲ್ಲಾ ಕೆಂಚಿ ಹೊಲಸು ಮಾಡಿ ಹ್ವಾದ್ಳು.’ ಆಸ್ತಿ ಹಾನಿ. ‘ಕೆಂಚಿ ನಮ್ಮ ಯಜಮಾನರ ಎದಿ ಮ್ಯಾಲೆ ಕುಂತಾಳ’...” ಅವನು ತಲೆಯೆತ್ತಿದ. “ಇದೇನು ಕೇಸಂತ ಸ್ಟೇಷನ್ನಿನಾಗ ಇನ್ನೂ ತಿಳಿದಿಲ್ಲ.”

ಕಟ್ಟೆ ನಕ್ಕಿತು. ಆರು ದಿನದಿಂದ ಅತ್ತ ಬಾಯಿಗಳೇ ಸೆರಗು ಕಚ್ಚಿ ನಕ್ಕವು.

“ಆಕಿಗೆ ಗಂಡ ಅದಾನೇನು?” ಪೇದೆ ಪೆನ್ನು ತೆಗೆದ.

“ಅದಾನ್ರಿ ಯಪ್ಪಾ,” ಒಬ್ಬ ಮುದುಕಿ ಹೇಳಿದಳು. “ಟೈ ಕಟ್ಟಿಕೊಂಡು ಎ.ಸಿ. ಒಳಗ ಕುಂತಿರತಾನ. ಹೇಂತಿನ ಮಾತ್ರ ನಮ್ಮ ಮನಿಗೆ ಕಳಸ್ತಾನ.”

ಫಕೀರವ್ವ ಮಾತ್ರ ನಗಲಿಲ್ಲ. ಅವಳ ಕಿವಿಯಲ್ಲಿ ಆರು ನೂರ ಹನ್ನೊಂದು ಎಂಬ ಮಾತು ಗುಂಯ್ಗುಡುತ್ತಿತ್ತು. ಸ್ಥಾವರದ ದಾಖಲೆಯಲ್ಲಿ ಈ ಪ್ಲಾಟಿನ ದೂರು ಯಾವತ್ತೂ ಸೊನ್ನೆ.

ಹುಲಿಗೆವ್ವ ಕೈಯೆತ್ತಿ ತೋರಿಸಿದಳು. ಎಂಟು ನೂರು ಮೀಟರಿನಾಚೆ, ಬಸರಿಗಿಡದ ತಲೆಯ ಮೇಲಿಂದ ಚಿಮಣಿ ಇಣುಕುತ್ತಿತ್ತು. “ಅಗೋ. ಅಲ್ಲಿಂದ ಬರತಾಳ. ಕೆಂಚಗ ಇರತಾಳ, ಅದಕ್ಕ ಕೆಂಚಿ.”

“ಹೊಗಿ ಏನು? ಹಂಗಾದರ ಹೊಗಿ ಅಂತ ಹೇಳಬೇಕಿತ್ತಲ್ಲ ಬೇ, ಫೋನಿನಾಗ?”

“ಯಾಕನ್ನಬೇಕು?” ಹುಲಿಗೆವ್ವನ ಉಸಿರು ಕಟ್ಟಿತು, ಮತ್ತೆ ಬಂತು. “ಹೊಗಿ ಅಂದ್ರ ಒಲಿದು. ಮನ್ಯಾಗ ಹೊಗಿ ಎದ್ದರ ರೊಟ್ಟಿ ಬೇಯತಾವ ಅಂತ ಲೆಕ್ಕ. ನಮ್ಮ ಹಿರ್‍ಯಾರು ಹಸದಾಗ ಹೊಗಿ ಕಂಡ ಮನಿಗೆ ಹೋಗಿ ಕೈ ಒಡ್ಯಾರ. ಈ ರಂಡಿಗೆ ಆ ಹೆಸರು ಕೊಡಬೇಕೇನು?”

ಪೇದೆ ಕಾಗದ ಮಡಚಿಕೊಂಡ. ಒಂದು ದೂರು ಮಾತ್ರ ಬೇರೆ ಎಂದು ಹೇಳಿದ. ಅದು ಹಲ್ಲೆಯದು, ಕೊಲೆಯ ಯತ್ನ ಎಂದು ಕೆಂಪು ಗುರುತು ಬಿದ್ದಿತ್ತು, ಧ್ವನಿಯ ಸಮೇತ ಬಂದಿತ್ತು. ಫೋನು ಮಾಡಿದಾಕೆ ಯಾರೆಂದು ಗುರುತು ಹಿಡಿಯಬೇಕಿತ್ತು. ಅವನು ಮೊಬೈಲು ಒತ್ತಿದ.

“ಕೆಂಚಿ ಬಂದಾಳ್ರಿ... ಇವತ್ತ ಭಾಳ ಅದಾಳ... ಕುತ್ತಿಗಿ ಹಿಚುಕಾಕತ್ತಾಳ... ಯಾರರ ಬರ್‍ರಿ...” ನಡುನಡುವೆ ತೂತುಬಿದ್ದ ತಿದಿಯ ಸದ್ದು. ಆಮೇಲೆ ಸಕ್ಕರೆಯಂಥ ಇನ್ನೊಂದು ದನಿ, ಯಂತ್ರದ್ದು: “ನಿಮ್ಮ ದೂರು ದಾಖಲಾಗಿದೆ. ವರ್ಗ: ವ್ಯಕ್ತಿಯಿಂದ ಹಲ್ಲೆ. ಸಂಬಂಧಪಟ್ಟ ಪೊಲೀಸ್ ಠಾಣೆಗೆ ಕಳುಹಿಸಲಾಗಿದೆ. ಕರೆ ಮಾಡಿದ್ದಕ್ಕೆ ಧನ್ಯವಾದಗಳು.”

“ನನ್ನ ಮಗಳು ದುರಗವ್ವ. ಮಣ್ಣು ಕೊಟ್ಟು ಬಂದೀವಿ,” ಎಂದಳು ಹುಲಿಗೆವ್ವ.

ಆಂಬುಲೆನ್ಸು ಬರಬೇಕಾದ ಕಡೆಗೆ ಆರು ದಿನ ತಡವಾಗಿ ಪೊಲೀಸು ಬಂದಿತ್ತು.

ಪೇದೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. “ನಾನು... ನನಗ ಗೊತ್ತಿದ್ದಿಲ್ಲ ಬೇ,” ಎಂದ. ಹೋಗುವಾಗ ಕಾಗದದ ಕಟ್ಟನ್ನು ಕಟ್ಟೆಯ ಮೇಲೇ ಬಿಟ್ಟುಹೋದ.

*

ಮರುದಿನ ಫಕೀರವ್ವ ಡ್ಯೂಟಿಗೆ ಹಾಜರಾದಳು. ಅವಳ ಜತೆಯ ಹಿರಿಯ ಆಪರೇಟರ್ ಮಕಬೂಲ ನದಾಫ ಎದ್ದು ಕುರ್ಚಿ ಎಳೆದು ಕೊಟ್ಟ. “ಇನ್ನೂ ನಾಲ್ಕು ದಿನ ರಜಾ ಇತ್ತಲ್ಲವಾ ತಂಗಿ.”

“ಮನ್ಯಾಗ ಕುಂತರ ಅಕ್ಕನ ದನಿ ಕೇಳತೈತಿ ಮಕಬೂಲಣ್ಣ,” ಎಂದಳು.

ಸಾರಥಿಯ ಒಳಗಿನ ಪುಟಗಳನ್ನು ಆಪರೇಟರುಗಳು ತೆರೆಯಬಾರದೆಂದೇನೂ ಇರಲಿಲ್ಲ. ಯಾರೂ ತೆರೆದಿರಲಿಲ್ಲ, ಅಷ್ಟೇ. ಹಗಲೆಲ್ಲ ಟರ್ಬೈನು ಮಲಗಿರುವಾಗ ಅವಳು ಒಂದೊಂದೇ ಬಿಚ್ಚುತ್ತ ಹೋದಳು. ಸುತ್ತಲಿನ ಮೂರು ಕಿಲೋಮೀಟರಿನೊಳಗೆ ಹನ್ನೆರಡು ವಲಯ. ಪ್ರತಿ ವಲಯದ ಮುಂದೆ ಕಳೆದ ತೊಂಬತ್ತು ದಿನದ ಹೊಗೆಯ ದೂರುಗಳ ಸಂಖ್ಯೆ; ಕಸ ಸುಟ್ಟದ್ದು, ಲಾರಿಯದ್ದು, ಯಾವ ಹೊಗೆಯಾದರೂ ಸರಿ. ಯಾವುದು ಕಡಿಮೆಯೋ ಅದೇ ಮೌನ ವಲಯ, ಅಲ್ಲಿಗೇ ಉಂಗುರ. ಪೇಟೆ ಎಂಬತ್ತೆಂಟು. ಸ್ಟೇಷನ್ ರಸ್ತೆ ಎಪ್ಪತ್ತು. ನೇಕಾರರ ಓಣಿ ಅರವತ್ತೆರಡು. ಸೊನ್ನೆ ಇದ್ದದ್ದು ಎರಡೇ: ಬಸರಿಗಿಡದ ಪ್ಲಾಟು, ಮತ್ತು ಗುಡ್ಡದ ಬುಡದ ಗಿರಿಸಿರಿ ಕಾಲೋನಿ. ಎರಡು ಸೊನ್ನೆ ಎದುರಾದರೆ ಹತ್ತಿರದ ಸೊನ್ನೆ.

ಖಾಲಿ ಜಮೀನು ಎಲ್ಲಿಯೂ ಇರಲಿಲ್ಲ.

ಗಿರಿಸಿರಿಯಲ್ಲಿ ಕಂಪನಿಯ ದೊಡ್ಡವರಿದ್ದರು, ನಾಡಗೌಡರಿದ್ದರು, ಈ ಯಂತ್ರಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದ ಅಧಿಕಾರಿಗಳಿದ್ದರು. ಅಲ್ಲಿಗೆ ಎರಡು ವರ್ಷದಿಂದ ಹೊಗೆಯೇ ಹೋಗಿರಲಿಲ್ಲ. ಹೋಗದ ಕಡೆಯಿಂದ ದೂರು ಎಲ್ಲಿಂದ ಬಂದೀತು? ಒಂದು ಸೊನ್ನೆ ಸುಖದ್ದು. ಇನ್ನೊಂದು ಸೊನ್ನೆ ಕಿರುಚಿ ಕಿರುಚಿ ಗಂಟಲು ಹರಿದವರದ್ದು. ಯಂತ್ರಕ್ಕೆ ಎರಡೂ ಒಂದೇ ದುಂಡು.

ಯಾಕೆ ಸೊನ್ನೆಯಾಯಿತೆಂಬುದೂ ಸಿಕ್ಕಿತು. ‘ಸ್ಥಳೀಯ ಪದಕೋಶ’ ಎಂಬ ಪುಟದಲ್ಲಿ ಸಾರಥಿ ಹೊಗೆಯೆಂದು ಗುರುತಿಸುವ ಪದಗಳ ಪಟ್ಟಿ. ಹೊಗೆ, ಹೊಗಿ, ಧೂಮ, ಹಬೆ, ಕಮಟು, ಘಾಟು. ಪಟ್ಟಿಯ ತುದಿಗೆ ಒಂದು ಖಾಲಿ ಚೌಕ: ‘ಹೊಸ ಪದ ಸೇರಿಸಿ.’

ಅವಳು ನಾಡಗೌಡರ ಕೋಣೆಗೆ ಹೋದಳು. ಕೈಯಲ್ಲಿ ಪೇದೆ ಬಿಟ್ಟುಹೋದ ಕಾಗದಗಳು. ಅವರು ಓದಿದರು. ಓದುವಾಗ ತುಟಿಯ ಒಂದು ಮೂಲೆ ಎರಡು ಸಲ ಅಲುಗಿತು, ಶಾವಿಗೆಯ ಹತ್ತಿರ ಒಮ್ಮೆ, ಎದೆಯ ಮೇಲೆ ಕೂತ ಹತ್ತಿರ ಒಮ್ಮೆ.

“ನಿಮ್ಮ ಅಕ್ಕನ ವಿಷಯ ಕೇಳಿ ಕೆಟ್ಟೆನಿಸಿತು, ಫಕೀರವ್ವ. ಆದರ ಇದು ಸಿಸ್ಟಮ್ಮಿನ ತಪ್ಪಲ್ಲ. ಅದು ಕನ್ನಡ ಚಲೋ ತಿಳಕೊಂತೈತಿ. ನಿಮ್ಮ ಮಂದಿಗೆ ಸರಿಯಾಗಿ ಮಾತಾಡಾಕ ಕಲಸ್ರಿ.”

“ಪದಕೋಶಕ್ಕ ಒಂದು ಪದ ಸೇರಿಸಿದರ ಆತಲ್ಲ ಸರ್.”

“ಸೇರಿಸಿದರ ಹಳೇ ದೂರೆಲ್ಲ ಹೊಗಿ ದೂರು ಆಗಿ ಎದ್ದು ಬರತಾವ. ಆರನೂರು! ಮ್ಯಾಲಿನವರಿಗೆ ಏನು ಹೇಳಲಿ? ಎರಡು ವರ್ಷದಿಂದ ಸಾರಥಿ ಇಳಸೂ ವಲಯದಾಗ ಶೂನ್ಯ ದೂರು ಅಂತ ಪ್ರಶಸ್ತಿ ಕೊಟ್ಟಾರ.” ಅವರು ಕಾಗದಗಳನ್ನು ಅಂದವಾಗಿ ಜೋಡಿಸಿ ಅವಳತ್ತ ತಳ್ಳಿದರು. “ಅದೂ ಅಲ್ಲದ, ಕೆಂಚಿ ಅನ್ನೂದು ಪದ ಏನ್ರಿ? ಒಂದು ಬೈಗುಳ.”

ಫಕೀರವ್ವ ಕಾಗದಗಳನ್ನು ತೆಗೆದುಕೊಂಡಳು. ಬಾಗಿಲವರೆಗೆ ಹೋಗಿ, “ಹೌದ್ರಿ ಸರ್. ಬೈಗುಳ,” ಎಂದು ಹೇಳಿ ಹೊರಗೆ ಬಂದಳು.

*

ಮನೆಯಲ್ಲಿ ಹುಲಿಗೆವ್ವ ರೊಟ್ಟಿ ಬಡಿಯಲು ಕೂತಿದ್ದಳು. ಎರಡು ಬಡಿತಕ್ಕೊಮ್ಮೆ ನಿಲ್ಲಬೇಕಾಗುತ್ತಿತ್ತು. ಸರಕಾರಿ ದವಾಖಾನೆಯ ಡಾಕ್ಟರು ದುರಗವ್ವ ಸತ್ತ ದಿನವೇ ನೇರವಾಗಿ ಹೇಳಿದ್ದರು: ಇನ್ನೊಮ್ಮೆ ಅಂಥದು ಎದೆಗಿಳಿದರೆ ಮುದುಕಿ ಉಳಿಯುವುದಿಲ್ಲ. ಊರು ಬಿಡು ಎಂದರೆ, “ನಾ ಯಾಕ ಬಿಡಲಿ? ಬಂದಾಕಿ ಅಕಿ,” ಎನ್ನುತ್ತಿದ್ದಳು. ದುರಗವ್ವ ಹೋದ ಮರುದಿನದಿಂದ ಗುಡ್ಡದ ಮೇಲೆ ಗಾಳಿ ಚೆನ್ನಾಗಿ ಬೀಸುತ್ತಿತ್ತು, ಟರ್ಬೈನು ಏಳುವ ಕೆಲಸವಿರಲಿಲ್ಲ. ನಾಳೆ ಸಂಜೆ ಗಾಳಿ ಬೀಳುತ್ತದೆಂದು ಹವಾಮಾನದವರು ಹೇಳಿದ್ದರು.

“ಯವ್ವಾ,” ಫಕೀರವ್ವ ಒಲೆಯ ಮುಂದೆ ಕೂತಳು. “ಅಕ್ಕ ಸತ್ತ ದಿನ ಗುಂಡಿ ಒತ್ತಿದಾಕಿ ನಾನ ಬೇ.”

ಬಡಿತ ನಿಲ್ಲಲಿಲ್ಲ.

“ಸೋರಿದ್ದಲ್ಲ ಅದು. ಪೂರಾ ಇಲ್ಲಿಗೇ ಕಳಸ್ತಿದ್ದರು. ಎರಡು ವರ್ಷ ನನ್ನ ಕೈಲೇ ಕಳಿಸಿದರು. ನನಗ ಗೊತ್ತಿದ್ದಿಲ್ಲ. ಗೊತ್ತಿದ್ದಿಲ್ಲ ಅನ್ನೂದು ಒಂದು ಮಾತಲ್ಲ ಬಿಡು. ಬಡಿತೀಯೇನು, ಬಡಿ.”

ಹುಲಿಗೆವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. ನೀರು ಸವರಿದಳು. “ನಿನ್ನ ಬಡದರ ನನ್ನ ಕೈ ನೋಯತಾವ. ಯಾರಿಗೆ ನೋಯಬೇಕೋ ಅವರಿಗೆ ನೋಯಬೇಕು.”

ಫಕೀರವ್ವ ಪದಕೋಶದ ವಿಷಯ ಹೇಳಿದಳು. ಒಂದು ಪದ ಸೇರಿಸಿದರೆ ಉಂಗುರ ತಿರುಗಿ ಗಿರಿಸಿರಿಗೆ ಹೋಗುತ್ತದೆಂದು ಹೇಳಿದಳು. ಅಲ್ಲಿಯವರು ದೂರು ಕೊಟ್ಟರೂ ಹೊಸ ದೂರಿನ ಎಣಿಕೆಯಾಗುವುದು ಮರುದಿನ ನಾಲ್ಕು ಗಂಟೆಗೆ. ಅಲ್ಲಿಯವರೆಗೆ ಅವರು ಕುಡಿಯಲೇಬೇಕು. ಆಮೇಲೂ ಪ್ಲಾಟಿಗೆ ಮರಳುವುದು ಊರಿನ ಉಳಿದ ಹನ್ನೊಂದು ವಲಯಗಳಲ್ಲಿ ಪ್ರತಿಯೊಂದೂ ಆರು ನೂರು ದೂರು ದಾಟಿದ ಮೇಲೆ.

“ಹಂಗಾದರ ಮಾಡು.”

“ಅಲ್ಲಿ ಕೂಸು ಅದಾವ ಬೇ.”

ಮುದುಕಿ ಮೊದಲ ಸಲ ಮಗಳ ಮುಖ ನೋಡಿದಳು. “ಅದಾವ. ನಮ್ಮ ಮನ್ಯಾಗ ಇದ್ದವು ಏನು, ಕಲ್ಲೇನು?” ಕೆಮ್ಮು ಬಂತು, ಬಹಳ ಹೊತ್ತು ಬಿಡಲಿಲ್ಲ. ಬಿಟ್ಟ ಮೇಲೆ, “ನಾಳೆ ಸಂಜಿ ಮನಿಗೆಲಸಕ್ಕ ಅಲ್ಲಿಗೆ ಯಾರೂ ಹೋಗಬ್ಯಾಡ್ರಿ ಅಂತ ನಮ್ಮ ಹೆಣ್ಣಮಕ್ಕಳಿಗೆ ಹೇಳಿ ಬರತೀನಿ,” ಎಂದು ಕೋಲು ಹಿಡಿದು ಎದ್ದಳು. ರೊಟ್ಟಿ ಹಂಚಿನ ಮೇಲೆ ಕರಕಾಯಿತು. ಫಕೀರವ್ವ ಅದನ್ನೇ ತಿಂದಳು.

*

ಹವಾಮಾನದವರ ಮಾತು ಸುಳ್ಳಾಗಲಿಲ್ಲ. ಮರುದಿನ ಐದೂವರೆಗೆ ಗುಡ್ಡದ ಫ್ಯಾನುಗಳು ಒಂದೊಂದೇ ನಿಂತವು. ಕಂಟ್ರೋಲ್ ರೂಮಿನ ಕಿಟಕಿಯಿಂದ ನೋಡಿದರೆ ನಾನೂರು ಶಿಲುಬೆಗಳು ಆಕಾಶಕ್ಕೆ ಚುಚ್ಚಿ ನಿಂತ ಹಾಗೆ. ಆರಕ್ಕೆ ಕರೆಂಟು ಹಂಚುವ ಲೋಡ್ ಸೆಂಟರಿನಿಂದ ಫೋನು ಬಂತು: ಎರಡೂ ಟರ್ಬೈನು ಬೇಕು, ಆರು ಹತ್ತಕ್ಕೆ.

ತೆರೆಯ ಮೇಲೆ ಸಾಲು ಮೂಡಿತು. ‘ಗುರಿ: ಮೌನ ವಲಯ.’

ಫಕೀರವ್ವ ಪದಕೋಶ ತೆರೆದು, ಖಾಲಿ ಚೌಕದಲ್ಲಿ ಎರಡೇ ಅಕ್ಷರ ಬರೆದಳು. ಅರ್ಥದ ಜಾಗದಲ್ಲಿ ‘ಹೊಗೆ’ ಎಂದು ಬರೆದಳು. ಮೇಜಿನ ಮೇಲಿನ ಗಾಜಿನ ಚೌಕಕ್ಕೆ ಹೆಬ್ಬೆಟ್ಟು ಒತ್ತಿದಳು.

ಪದ ಸೇರಿದರೂ ಅಳಿದರೂ ಸಾರಥಿ ಆ ಕ್ಷಣಕ್ಕೇ ಹಳೆಯ ದೂರುಗಳನ್ನೆಲ್ಲ ಮತ್ತೆ ಎಣಿಸುತ್ತಿತ್ತು. ಪ್ಲಾಟಿನ ಮುಂದಿನ ಸೊನ್ನೆ ನಡುಗಿತು. ನಲವತ್ತು. ನೂರ ಐವತ್ತು. ಮೂರು ನೂರ ಎಂಟು. ಪ್ರತಿಯೊಂದು ಅಂಕಿಯೂ ಒಂದು ಬಾಯಿ. ಶಾವಿಗೆಯ ಬಾಯಿ, ಕೂಸಿನ ತಾಯಿಯ ಬಾಯಿ. ಆರು ನೂರ ಹನ್ನೊಂದಕ್ಕೆ ನಿಂತಿತು. ಕೊನೆಯ ಒಂದು ಯಾರದೆಂದು ಅವಳಿಗೆ ಗೊತ್ತಿತ್ತು. ಮೇಲೆ ಚಿಮಣಿಯ ಬಾಯಲ್ಲಿ ಬಳೆ ಗರ್‍ರೆಂದು ತಿರುಗಿತು.

ಪಕ್ಕದ ಕುರ್ಚಿಯಿಂದ ಮಕಬೂಲ ತೆರೆಯನ್ನೇ ನೋಡುತ್ತಿದ್ದ. “ಏನವಾ ತಂಗಿ ಇದು?”

“ಏನಿಲ್ಲ ಮಕಬೂಲಣ್ಣ. ಮಷಿನ್ನಿಗೆ ನಮ್ಮೂರ ಮಾತು ಕಲಿಸಿದೆ.”

“ಎಲ್ಲಿಗೆ ಹೊಂಟೈತಿ ಈಗ?”

“ಅದರ ಲೆಕ್ಕ ಎಲ್ಲಿಗೆ ಹೇಳತೈತೋ ಅಲ್ಲಿಗೆ. ನಾನೇನು ದಿಕ್ಕು ತಿರುವಿಲ್ಲ.”

ಅವನು ಗಡ್ಡ ಕೆರೆದುಕೊಂಡ. ದುರಗವ್ವನ ಮಣ್ಣಿಗೆ ಅವನೂ ಬಂದಿದ್ದ, ಒಂದು ಹಿಡಿ ಹಾಕಿದ್ದ. “ಪಾಪ ಹತ್ತತೈತಿ,” ಎಂದ ಮೆಲ್ಲಗೆ.

“ಹತ್ತಲಿ.”

ಆರು ಹತ್ತಕ್ಕೆ ಅವಳು ಗುಂಡಿ ಒತ್ತಿದಳು. ನೆಲ ಸಣ್ಣಗೆ ಅದುರಿತು. ಮೊದಲ ಉಂಗುರ ಚಿಮಣಿಯಿಂದ ಬಿಡಿಸಿಕೊಂಡು, ಸಂಜೆಯ ಬೆಳಕಿನಲ್ಲಿ ತಾಮ್ರದ ಕಡಗದ ಹಾಗೆ ಹೊಳೆಯುತ್ತ, ಪ್ಲಾಟಿನ ಕಡೆಗೆ ಬೆನ್ನು ಹಾಕಿ ಗುಡ್ಡದ ಕಡೆಗೆ ತೇಲಿತು. ಅದರ ಹಿಂದೆ ಇನ್ನೊಂದು. ಮತ್ತೊಂದು. ಫಕೀರವ್ವ ಕಿಟಕಿಗೆ ಹೋಗಿ ನಿಂತಳು. ಎರಡು ವರ್ಷದಲ್ಲಿ ಇದನ್ನು ಒಮ್ಮೆಯೂ ಎದ್ದು ನಿಂತು ನೋಡಿರಲಿಲ್ಲ. ಚಂದ ಇತ್ತು. ಚಂದ ಕಂಡದ್ದಕ್ಕೆ ಅವಳಿಗೆ ನಾಚಿಕೆಯಾಗಲಿಲ್ಲ.

ಎಂಟನೆಯ ನಿಮಿಷಕ್ಕೆ ಫೋನು ಬಡಿಯಿತು. ಕಂಟ್ರೋಲ್ ರೂಮಿನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರಬೇಕು, ಪ್ರತಿ ಮಾತೂ ಮುದ್ರಣವಾಗಬೇಕು ಎಂಬುದು ನಿಯಮ.

“ಏನಾಗಾಕತ್ತೈತಿ ಅಲ್ಲಿ?” ನಾಡಗೌಡರ ದನಿ. ಹಿಂದೆ ಕಿಟಕಿಗಳನ್ನು ದಡದಡ ಮುಚ್ಚುವ ಸದ್ದು, ಯಾರೋ ಕೆಮ್ಮುವ ಸದ್ದು. “ನಮ್ಮ ಮನಿ ಮ್ಯಾಲೆ ಏನೋ... ಕಣ್ಣು ಬಿಡಾಕ ಆಗವಲ್ದು!”

“ಚಾಲನಾ ಅವಧಿ ನಡದೈತ್ರಿ ಸರ್. ಇನ್ನೂ ಹದಿನಾಲ್ಕು ನಿಮಿಷ.”

“ಸಾರಥಿ ಕೆಟ್ಟೈತೇನು?”

“ಇಲ್ರಿ. ನೆಟ್ಟಗಾಗೈತಿ. ಇವತ್ತಿನ ಮೌನ ವಲಯ ಗಿರಿಸಿರಿ ಅಂತ ತೋರಸ್ತೈತಿ. ನಿಮ್ಮ ಕಡೆಯಿಂದ ಒಂದೂ ದೂರಿಲ್ಲ ನೋಡ್ರಿ.”

ಒಂದು ಗಳಿಗೆ ಬರೀ ಕೆಮ್ಮು. ಆಮೇಲೆ ತಿಳಿಯಿತು ಅವರಿಗೆ. “ಆ ಪದಾ ಹಾಕಿಯೇನು? ಅಳಸು! ಈಗಿಂದೀಗ ಅಳಸು!”

“ಅಳಸಿದರ ಎಲ್ಲಿಗೆ ಹೋಗತೈತ್ರಿ?”

“ಮೊದಲು ಹೋಗತಿತ್ತಲ್ಲ, ಅಲ್ಲಿಗೆ.”

“ಎಲ್ಲಿಗ್ರಿ ಸರ್? ಖಾಲಿ ಜಮೀನಿಗೇನು?”

“ಆಟಾ ಆಡಬ್ಯಾಡ! ಬಸರಿಗಿಡದ ಪ್ಲಾಟಿಗೆ ಕಳಸು!”

ಮಕಬೂಲ ತಲೆ ತಗ್ಗಿಸಿದ. ಮುದ್ರಣದ ಕೆಂಪು ದೀಪ ಉರಿಯುತ್ತಲೇ ಇತ್ತು.

“ಟರ್ಬೈನ್ ನಿಲ್ಲಸು ಅನ್ರಿ,” ಫಕೀರವ್ವ ಹೇಳಿದಳು. “ಒಂದು ಮಾತು. ಈಗ ನಿಲ್ಲಸ್ತೀನಿ. ಎಲ್ಲಿಗೂ ಹೋಗಂಗಿಲ್ಲ.”

“ನಿಲ್ಲಿಸಿದರ ಅರ್ಧ ಜಿಲ್ಲಾ ಕತ್ತಲಾಕ್ಕೈತಿ. ಮ್ಯಾಲಿನವರು ನನ್ನ... ಅದು ಸಾಧ್ಯ ಇಲ್ಲ. ಮಕಬೂಲ! ಮಕಬೂಲ ಅದಾನೇನು ಅಲ್ಲಿ? ನೀನು ಅಳಸು!”

“ಆಗಂಗಿಲ್ರಿ ಸಾಹೇಬ್ರ,” ಮಕಬೂಲ ತೆರೆಯನ್ನು ನೋಡುತ್ತಲೇ ಹೇಳಿದ. “ಪದಾ ಹಾಕಿದವರದ್ದೇ ಹೆಬ್ಬೆಟ್ಟು ಬೇಕು. ನೀವೇ ಮಾಡಿದ ರೂಲು.”

ಫೋನಿನಾಚೆ ಒಂದು ಮಗು ಅಳತೊಡಗಿತು. ಹೆಂಗಸೊಬ್ಬಳು ‘ಒದ್ದೆ ಅರಿವಿ ತಾ, ಒದ್ದೆ ಅರಿವಿ’ ಎಂದು ಕೂಗುತ್ತಿದ್ದಳು. ಫಕೀರವ್ವ ಮೇಜಿನ ಅಂಚನ್ನು ಹಿಡಿದುಕೊಂಡಳು. ಗಾಜಿನ ಸಣ್ಣ ಚೌಕ ಅವಳ ಹೆಬ್ಬೆಟ್ಟಿಗೆ ಒಂದು ಗೇಣು ದೂರದಲ್ಲಿ ನೀಲಿಯಾಗಿ ಉರಿಯುತ್ತಿತ್ತು.

ನಾಡಗೌಡರ ದನಿ ಈಗ ಮೆತ್ತಗಾಗಿತ್ತು. “ಫಕೀರವ್ವಾ. ನೀ ಶಾಣ್ಯಾ ಹೆಣ್ಣಮಗಳು. ನಿಮ್ಮ ತಾಯಿಗೆ ಹುಬ್ಬಳ್ಳ್ಯಾಗ ದೊಡ್ಡ ದವಾಖಾನಿ ತೋರಸ್ತೀನಿ. ಪ್ಲಾಟಿನ ಮಂದಿಗೆಲ್ಲ ಬ್ಯಾರೆ ಜಾಗಾ ನೋಡೂಣು. ನಾಳೆ ಕುಂತು ಮಾತಾಡೂಣು. ಇವತ್ತೊಂದಿನ, ಇದೊಂದು ಸಲ, ಅಳಸು.”

“ಇದೊಂದು ಸಲದಾಗ ನಮ್ಮವ್ವ ಸಾಯತಾಳ್ರಿ.”

“ಇಲ್ಲಿ ನನ್ನ ಮೊಮ್ಮಗ ಅದಾನ!”

“ಕೇಳಾಕತ್ತೈತಿ. ಹಂಗಾದರ ನಿಲ್ಲಸು ಅನ್ರಿ.”

ಅವರು ಅನ್ನಲಿಲ್ಲ. ಮೊಮ್ಮಗ ಕೆಮ್ಮುತ್ತಿದ್ದ, ಅವರು ಅನ್ನಲಿಲ್ಲ. ಫಕೀರವ್ವ ಕಾದಳು. ಒಂದು ಉಂಗುರ ಹೋಯಿತು, ಇನ್ನೊಂದು ಹೋಯಿತು. ತನ್ನ ಮನೆಯೊಳಗೆ ಇಳಿದರೂ ನಿಲ್ಲಿಸು ಎಂಬ ಮೂರು ಅಕ್ಷರ ಆ ಬಾಯಿಗೆ ಬರುವುದಿಲ್ಲವೆಂಬುದು ಅವಳಿಗೆ ಆಗ ಖಾತ್ರಿಯಾಯಿತು. ಬೇರೆ ಯಾರದೋ ಮನೆ ಇದ್ದೇ ಇದೆ ಎಂಬ ನಂಬಿಕೆ ಎಷ್ಟು ಗಟ್ಟಿ.

“ಕೇಳಿಲ್ಲಿ,” ನಾಡಗೌಡರು ಕೆಮ್ಮಿನ ನಡುವೆ ಗುಡುಗಿದರು. “ಇದು ಆರ್ಡರ್. ಸ್ಥಾವರದ ಮುಖ್ಯಸ್ಥ ಹೇಳಾಕತ್ತೀನಿ. ಪದಾ ಅಳಸು. ಹೆಬ್ಬೆಟ್ಟು ಇಡು.”

ಇನ್ನೂ ಹತ್ತು ನಿಮಿಷ ಉಳಿದಿತ್ತು. ಫಕೀರವ್ವ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು ಕುರ್ಚಿಗೆ ಒರಗಿದಳು.

“ಒಲ್ಲೆ,” ಎಂದಳು.